ಹಾಸ್ಟೆಲ್ ಕೋಣೆಯವರೆಗೆ ಬಾರದ ನೆಟ್



ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿ ವಾರ್ಡನ್ನನ್ನು ಕೇಳುವ ಪ್ರಶ್ನೆಗಳು ಹಿಂದಿನಿಂದಲೂ ಮೂರೇ. ನೀರು ಬರುತ್ತದೆಯೇ, ಊಟ ಹೇಗೆ, ಗೇಟು ಎಷ್ಟು ಗಂಟೆಗೆ ಹಾಕುತ್ತೀರಿ. ಅವರು ಕೇಳಿ ಮುಗಿಸುವ ತನಕ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಮಗನೋ ಮಗಳೋ ಮೆಲ್ಲಗೆ ನಾಲ್ಕನೆಯದನ್ನು ಕೇಳುತ್ತಾರೆ: "ಸರ್, ರೂಮಲ್ಲಿ ವೈಫೈ ಬರುತ್ತಾ?" ಪ್ರಾಸ್ಪೆಕ್ಟಸ್ಸಿನಲ್ಲಿ ವೈಫೈ ಸೌಲಭ್ಯವುಳ್ಳ ಕ್ಯಾಂಪಸ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಸುಳ್ಳೂ ಅಲ್ಲ. ಆಡಳಿತ ಕಚೇರಿಯಲ್ಲಿದೆ, ಗ್ರಂಥಾಲಯದಲ್ಲಿದೆ, ಕಂಪ್ಯೂಟರ್ ಸೆಂಟರಿನಲ್ಲಂತೂ ಧಾರಾಳವಾಗಿದೆ. ಆದರೆ ಹುಡುಗ ಕೇಳಿದ್ದು ರೂಮಿನ ಮಾತು. ಕೆಲವು ವರ್ಷ ವಾರ್ಡನ್ ಕೆಲಸ ಮಾಡಿದ ನನಗೆ ಆ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರವೇ ಬಾಯಿಗೆ ಬರುತ್ತಿತ್ತು: "ಬರುತ್ತಪ್ಪ, ಕಾರಿಡಾರ್‌ನಲ್ಲಿ ನಿಂತರೆ ಬರುತ್ತೆ."

ಇವರಿಗೆ ರೂಮಿನೊಳಗೇ ನೆಟ್ ಯಾಕೆ ಬೇಕು, ರೀಲ್ಸ್ ನೋಡೋಕೆ ತಾನೇ ಎನ್ನುವ ಹಿರಿಯರಿದ್ದಾರೆ. ರೀಲ್ಸಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇಂದಿನ ವಿದ್ಯಾರ್ಥಿಯ ಒಂದು ವರ್ಷವನ್ನು ನೋಡಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದ ಅರ್ಜಿ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಇವೆಲ್ಲ ಯುಯುಸಿಎಂಎಸ್ ಎಂಬ ಜಾಲತಾಣಕ್ಕೆ ಹೋಗಿವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು ತಾಣ. ಅಲ್ಲಿ ಆಧಾರ್ ಜೋಡಿಸಬೇಕು, ಓಟಿಪಿ ಬರಬೇಕು, ಜಾತಿ-ಆದಾಯ ಪ್ರಮಾಣಪತ್ರದ ಸಂಖ್ಯೆ ತುಂಬಬೇಕು. ಅಂಕಪಟ್ಟಿ ಬೇಕೆಂದರೆ ಡಿಜಿಲಾಕರ್ ನೋಡು ಎನ್ನುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ 'ಸ್ವಯಂ' ಎಂಬ ಆನ್‌ಲೈನ್ ಪಾಠಗಳ ವೇದಿಕೆ ತೆರೆಯಿತು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರಷ್ಟನ್ನು ಅಲ್ಲಿಂದಲೇ ಕಲಿತು ಅಂಕ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಹಿಂದೆ ಕಚೇರಿಯ ಕಿಟಕಿಯ ಮುಂದೆ ನಿಂತು ಮಾಡಿಸಿಕೊಳ್ಳುತ್ತಿದ್ದ ಕೆಲಸಗಳೆಲ್ಲ ಹುಡುಗರ ಅಂಗೈಗೆ ಬಂದಿವೆ. ಕಚೇರಿಗೆ ಕಾಗದ, ಶಾಯಿ, ಗುಮಾಸ್ತರ ಸಮಯ ಉಳಿಯಿತು. ಆ ಕೆಲಸಕ್ಕೆ ಬೇಕಾದ ನೆಟ್ಟಿನ ಖರ್ಚು ಮಾತ್ರ ಹುಡುಗರ ತಲೆಗೆ ಬಂತು. ಕೊನೆಯ ದಿನಾಂಕದ ರಾತ್ರಿ ಹನ್ನೊಂದಕ್ಕೆ ಫಾರಂ ತುಂಬುವವರನ್ನು ಸೋಮಾರಿಗಳು ಎಂದು ಬಯ್ಯುತ್ತೇವೆ. ಅವರಲ್ಲಿ ಅನೇಕರು ಸಂಜೆ ಐದರಿಂದ ಅದೇ ಪುಟ ತೆರೆಯಲು ಒದ್ದಾಡುತ್ತಿದ್ದವರು.

ಕನ್ನಡ ಎಂ.ಎ. ಓದುವವರಿಗೆ ನೆಟ್ ಅಷ್ಟೊಂದು ಬೇಕಾಗದು ಎಂದು ನಮ್ಮ ಸಹೋದ್ಯೋಗಿಯೊಬ್ಬರು ಸಭೆಯಲ್ಲೇ ಹೇಳಿದ್ದುಂಟು. ಆದರೆ ಅಚ್ಚಿನಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಕೂತಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. ದೇಶದ ಪಿಎಚ್.ಡಿ. ಮಹಾಪ್ರಬಂಧಗಳು 'ಶೋಧಗಂಗಾ'ದಲ್ಲಿವೆ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು 'ವಚನ ಸಂಚಯ' ಇದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕವೊಂದು ಐವತ್ತೋ ನೂರೋ ಎಂಬಿ ತೂಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಯ ಪಠ್ಯಕ್ಕಿಂತ ಇದು ಹಗುರವೇನಲ್ಲ.

ವಿಚಿತ್ರ ನೋಡಿ, ಭಾರತದಲ್ಲಿ ಇಂಟರ್ನೆಟ್ ಮೊದಲು ಬಂದದ್ದೇ ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಜಾಲವನ್ನು ಶುರುಮಾಡಿತು. ಅದರಲ್ಲಿದ್ದದ್ದು ಎಂಟೇ ಸಂಸ್ಥೆ: ಐದು ಐಐಟಿಗಳು, ಬೆಂಗಳೂರಿನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಬೊಂಬಾಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ಮತ್ತು ಆ ಇಲಾಖೆ. ಮರುವರ್ಷವೇ ಬೊಂಬಾಯಿಯ ಆ ಕೇಂದ್ರಕ್ಕೂ ಅಲ್ಲಿನ ಐಐಟಿಗೂ ನಡುವೆ ಸಾಮಾನ್ಯ ಟೆಲಿಫೋನ್ ತಂತಿಯ ಮೇಲೆ ಇಮೇಲ್ ಓಡಾಡಿತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಂದರೆ ಅದಕ್ಕಿಂತ ಎಂಟು ವರ್ಷ ಮುಂಚಿತವಾಗಿಯೇ ಕ್ಯಾಂಪಸ್ಸಿಗೆ ಇಮೇಲ್ ಬಂದಿತ್ತು. ಈಗ ಕ್ಯಾಂಪಸ್ ಗೇಟಿನ ಆಚೆಯ ಚಹಾ ಅಂಗಡಿಯಲ್ಲಿ ಓಡುವ ನೆಟ್ ಗೇಟಿನ ಈಚೆಯ ಹಾಸ್ಟೆಲಿನಲ್ಲಿ ತೆವಳುತ್ತದೆ.

ಇದಕ್ಕೆ ಹಣದ ಕೊರತೆ ಕಾರಣ ಎಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯವೂ ಅಲ್ಲ. ಐಸಿಟಿ ಮೂಲಕ ಶಿಕ್ಷಣದ ರಾಷ್ಟ್ರೀಯ ಮಿಷನ್ 2009ರಲ್ಲಿ ಶುರುವಾಯಿತು. ವಿಶ್ವವಿದ್ಯಾಲಯಕ್ಕೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕ ಕೊಡುವುದು ಅದರ ಗುರಿಗಳಲ್ಲೊಂದು. 2010ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ 5,990 ಕೋಟಿ ರೂಪಾಯಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಆ ದಪ್ಪ ತಂತಿ ಬಹುಪಾಲು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೆಂಟರಿನವರೆಗೆ ಬಂದು ನಿಂತಿತು. ಊರ ಓವರ್‌ಹೆಡ್ ಟ್ಯಾಂಕಿಗೆ ದೊಡ್ಡ ಪೈಪಿನಲ್ಲಿ ನೀರು ಏರಿಸಿ ಓಣಿಗೆ ಅರ್ಧ ಇಂಚಿನ ನಲ್ಲಿ ಕೊಟ್ಟಂತೆ, ಅಲ್ಲಿಂದ ಮುಂದಿನ ದಾರಿ ಸಣ್ಣದಾಗುತ್ತ ಹೋಗುತ್ತದೆ.

ಆ ಮುಂದಿನ ದಾರಿಯನ್ನು ಕೊಂಚ ನಡೆದು ನೋಡೋಣ. ಕಂಪ್ಯೂಟರ್ ಸೆಂಟರಿನಿಂದ ಹಾಸ್ಟೆಲಿಗೆ ಒಂದೆರಡು ಕಿಲೋಮೀಟರ್. ಮಾನಸಗಂಗೋತ್ರಿಯಾಗಲಿ ಜ್ಞಾನಭಾರತಿಯಾಗಲಿ ಶಂಕರಘಟ್ಟವಾಗಲಿ, ನಮ್ಮ ಕ್ಯಾಂಪಸ್ಸುಗಳೇನು ಚಿಕ್ಕವೇ? ನೆಲದಡಿಯ ಫೈಬರ್ ಕೇಬಲನ್ನು ನೀರಿನ ಪೈಪಿಗೋ ರಸ್ತೆಗೋ ಅಗೆಯಲು ಬಂದ ಜೆಸಿಬಿ ವರ್ಷಕ್ಕೊಮ್ಮೆಯಾದರೂ ಕತ್ತರಿಸುತ್ತದೆ. ಕಾಡಂಚಿನ ಕ್ಯಾಂಪಸ್ಸಿನಲ್ಲಿ ಕೇಬಲನ್ನು ಕಂಬದ ಮೇಲೆ ಎಳೆದರೆ ಕೋತಿಗಳ ಪಾಲು. ನಗಬೇಡಿ, 2015ರಲ್ಲಿ ವಾರಾಣಸಿಯ ಗಂಗೆಯ ದಂಡೆಯಲ್ಲಿ ಎಳೆದ ಫೈಬರನ್ನು ಕೋತಿಗಳು ಕಡಿದು ಹಾಕಿದ್ದು ದೇಶವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಹಾಸ್ಟೆಲ್ ತಲುಪಿದ ಕೇಬಲ್ ಮೆಟ್ಟಿಲ ಕೆಳಗಿನ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಗುತ್ತದೆ. ಅಲ್ಲೊಂದು ಸ್ವಿಚ್. ಕರೆಂಟು ಹೋದರೆ ಅದೂ ಹೋಯಿತು. ಕಂಪ್ಯೂಟರ್ ಸೆಂಟರಿಗೆ ಯುಪಿಎಸ್ ಇದೆ, ಈ ಪೆಟ್ಟಿಗೆಗೆ ಇಲ್ಲ. ಮಲೆನಾಡಿನಲ್ಲಿ ಮೇ ತಿಂಗಳ ಒಂದು ಸಿಡಿಲಿಗೆ ನಾಲ್ಕು ಸ್ವಿಚ್ ಸುಟ್ಟು ಹೋದರೆ ಬದಲಿ ಬರುವಷ್ಟರಲ್ಲಿ ಗೌರಿ ಹಬ್ಬ ಮುಗಿದಿರುತ್ತದೆ.

ಆಮೇಲೆ ಕಾರಿಡಾರಿನ ಛಾವಣಿಗೆ ಅಂಟಿಸಿದ ಬಿಳಿ ತಟ್ಟೆಗಳು, ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಹಳೆಯ ಹಾಸ್ಟೆಲ್ ಕಟ್ಟಡಗಳ ಗೋಡೆ ಕಲ್ಲಿನವು, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ತಣ್ಣಗಿರುತ್ತವೆ ಎಂದು ನಾವು ಹೊಗಳುವ ಗೋಡೆಗಳೇ ವೈಫೈಗೆ ಶತ್ರು. ಹೆಚ್ಚು ವೇಗದ 5 ಗಿಗಾಹರ್ಟ್ಸ್ ತರಂಗ ಗೋಡೆ ದಾಟಲು ಇನ್ನೂ ಹಿಂಜರಿಯುತ್ತದೆ. ದಾಟಬಲ್ಲ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂಥ ದಾರಿಗಳು ಇರುವುದು ಮೂರೇ: ಒಂದು, ಆರು, ಹನ್ನೊಂದನೇ ಚಾನೆಲ್. ವೈಫೈ ಸರಿಯಿಲ್ಲವೆಂದು ಪ್ರತಿ ಕೋಣೆಯಲ್ಲೂ ಒಬ್ಬ ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚುತ್ತಾನೆ. ಐವತ್ತು ಹಾಟ್‌ಸ್ಪಾಟು ಅದೇ ಮೂರು ದಾರಿಗೆ ನುಗ್ಗುತ್ತವೆ. ಇದ್ದ ವೈಫೈಯೂ ಕೆಡುತ್ತದೆ. ಕೆಟ್ಟಿತೆಂದು ಇನ್ನಷ್ಟು ಹಾಟ್‌ಸ್ಪಾಟು.

"ಸರ್, ಫುಲ್ ಸಿಗ್ನಲ್ ಇದೆ, ನೆಟ್ ಮಾತ್ರ ಇಲ್ಲ" ಎನ್ನುವ ದೂರನ್ನು ಹಾಸ್ಟೆಲಿನಲ್ಲಿ ಇದ್ದವರೆಲ್ಲ ಕೇಳಿದ್ದಾರೆ. ಅನೇಕ ಸಲ ಅದರ ಕಾರಣ ತೀರ ಸರಳ. ಜಾಲಕ್ಕೆ ಸೇರುವ ಪ್ರತಿಯೊಂದು ಫೋನಿಗೂ ಲ್ಯಾಪ್‌ಟಾಪಿಗೂ ಒಂದೊಂದು ವಿಳಾಸದ ಸಂಖ್ಯೆ ಕೊಡಬೇಕು. ಸಾಮಾನ್ಯವಾಗಿ ಸಣ್ಣ ಜಾಲ ಜೋಡಿಸುವಾಗ 254 ವಿಳಾಸಗಳನ್ನು ಇಟ್ಟು ಹೋಗಿರುತ್ತಾರೆ. ಹಾಸ್ಟೆಲಿನಲ್ಲಿ ಇನ್ನೂರು ಮಂದಿ, ತಲೆಗೊಂದು ಫೋನು, ಅರ್ಧ ಮಂದಿಗೆ ಲ್ಯಾಪ್‌ಟಾಪು ಎಂದರೆ ಮುನ್ನೂರಾಯಿತು. 255ನೆಯವನ ಫೋನು ಸುತ್ತುತ್ತಲೇ ಇರುತ್ತದೆ. ಇದನ್ನು ಸರಿಮಾಡಲು ಒಂದು ರೂಪಾಯಿ ಖರ್ಚಿಲ್ಲ, ಸೆಟ್ಟಿಂಗ್ ಬದಲಿಸಿದರಾಯಿತು. ಗೊತ್ತಿರುವವರು ಬಂದು ಬದಲಿಸಬೇಕು, ಅಷ್ಟೆ. ನಾನಿದ್ದ ಕಡೆ ಆ ಗೊತ್ತಿರುವವರು ಬಂದದ್ದು ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದ ಮೇಲೆ. ಬಂದು ನೋಡಿ, "ಎಲ್ಲ ಸರಿಯಾಗಿಯೇ ಇದೆಯಲ್ಲ" ಎಂದರು. ಖಾಲಿ ಹಾಸ್ಟೆಲಿನಲ್ಲಿ ಸರಿಯಾಗಿಯೇ ಇತ್ತು.

ಇನ್ನು ವೇಗದ ಲೆಕ್ಕ. ಇನ್ನೂರು ಮಂದಿಯ ಹಾಸ್ಟೆಲಿಗೆ 100 ಎಂಬಿಪಿಎಸ್ ಕೊಟ್ಟಿದ್ದೇವೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ರಾತ್ರಿ ಊಟ ಮುಗಿದು ಒಂಬತ್ತಕ್ಕೆ ಎಲ್ಲರೂ ಕೂತರೆ ತಲೆಗೆ ಅರ್ಧ ಎಂಬಿಪಿಎಸ್. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ, ನಿಜ. ಆದರೆ ಪರೀಕ್ಷೆಯ ಹಿಂದಿನ ವಾರ ಹೆಚ್ಚುಕಡಿಮೆ ಎಳೆಯುತ್ತಾರೆ. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಬೇಕು ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ನಿಗದಿಮಾಡಿದೆ. ಅರ್ಧ ಎಂಬಿಪಿಎಸ್ ಎಂಬುದು 2013ರ ಅಳತೆ. ಹಾಗಾಗಿ ನಮ್ಮ ಎಷ್ಟೋ ಹಾಸ್ಟೆಲ್‌ಗಳಲ್ಲಿ ರಾತ್ರಿ ಒಂಬತ್ತಕ್ಕೆ ಇರುವುದು ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡೇ ಅಲ್ಲ.

ಇದೆಲ್ಲ ಯಾರ ಹೊಣೆ? ಕಂಪ್ಯೂಟರ್ ಸೆಂಟರಿನವರು ಹಾಸ್ಟೆಲ್ ಬಾಗಿಲಿನವರೆಗೆ ನಮ್ಮದು, ಒಳಗೆ ನಿಮ್ಮದು ಎನ್ನುತ್ತಾರೆ. ವಾರ್ಡನ್ನಿಗೆ ಟ್ಯೂಬ್‌ಲೈಟ್ ಬದಲಿಸುವಷ್ಟು ಚಿಲ್ಲರೆ ಖರ್ಚಿನ ಅಧಿಕಾರ ಇರುತ್ತದೆ. ಸ್ವಿಚ್ ಕೊಳ್ಳಲು ಇಂಡೆಂಟ್ ಕಳಿಸಬೇಕು. ಎಂಜಿನಿಯರಿಂಗ್ ವಿಭಾಗ ತಮ್ಮದು ಗೋಡೆ, ಚರಂಡಿ, ನೀರು ಮಾತ್ರ ಎನ್ನುತ್ತದೆ. ಸಾಮಾನು ಹಾಕಿದ ಗುತ್ತಿಗೆದಾರನ ವಾರ್ಷಿಕ ನಿರ್ವಹಣೆಯ ಕರಾರು ಮೂರನೇ ವರ್ಷಕ್ಕೆ ಮುಗಿದಿರುತ್ತದೆ. ಎಷ್ಟು ಆಕ್ಸೆಸ್ ಪಾಯಿಂಟ್ ಹಾಕಿದ್ದೇವೆ ಎನ್ನುವುದು ಮಾನ್ಯತೆ ಕೊಡುವ ನ್ಯಾಕ್ ತಂಡಕ್ಕೆ ತೋರಿಸುವ ವರದಿಯಲ್ಲಿ ಸೇರುತ್ತದೆ. ಅವುಗಳಲ್ಲಿ ಎಷ್ಟರ ಹಸಿರು ದೀಪ ಉರಿಯುತ್ತಿದೆ ಎಂದು ಬರೆಯುವ ಅಂಕಣ ಆ ವರದಿಯಲ್ಲಿ ನನಗೆ ಕಂಡಿಲ್ಲ. ಹಣ ಬಂತು, ಯಂತ್ರ ಬಂತು, ಹೊಣೆಗಾರ ಮಾತ್ರ ಬರಲಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಹೊಣೆಯನ್ನು ತಾವೇ ಹೊತ್ತವರೂ ಇದ್ದರು. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಯಂತ್ರ ಇಟ್ಟು ರೇಡಿಯೋ ಕೇಂದ್ರ ನಡೆಸಿದರು. ಈ ಮಾತನ್ನು ನಾನು ಬಾನುಲಿಯಲ್ಲಿ ಆಡುತ್ತಿರುವುದರಿಂದ ನೆನಪಾಯಿತು. ತರಂಗಗಳನ್ನು ಜನರ ಮನೆಗೆ ಮುಟ್ಟಿಸುವ ಹೊಣೆ ಯಾವ ವಿಭಾಗದ್ದು ಎಂದು ಅವರು ಯಾರನ್ನಾದರೂ ಕೇಳುತ್ತ ಕೂತಿದ್ದರೆ ಮೈಸೂರಿಗೆ ಆಕಾಶವಾಣಿ ಯಾವಾಗ ಬರುತ್ತಿತ್ತೋ.

"ಅದಕ್ಕೇನು, ಎಲ್ಲರ ಹತ್ತಿರವೂ ಮೊಬೈಲ್ ಡಾಟಾ ಇದೆಯಲ್ಲ" ಎನ್ನುವ ವಾದ ಈಗ ಹೆಚ್ಚು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡಾಟಾ ಅಗ್ಗವಾದದ್ದು ನಿಜ. ಆದರೆ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿಗೆ 28 ದಿನಕ್ಕೆ ಸುಮಾರು ಮುನ್ನೂರು ರೂಪಾಯಿ ಬೇಕು. ತಿಂಗಳಿಗೊಂದು ಎಂದುಕೊಂಡರೆ ವರ್ಷಕ್ಕೆ ಹನ್ನೆರಡಾಗಬೇಕಿತ್ತು, 28 ದಿನದ ಲೆಕ್ಕದಲ್ಲಿ ಹದಿಮೂರು ರೀಚಾರ್ಜ್ ಆಗುತ್ತದೆ. ಕೂಲಿ ಮಾಡುವ ತಾಯಿ ಕಳಿಸುವ ದುಡ್ಡಿನಲ್ಲಿ ಅದು ಮೆಸ್ ಬಿಲ್ಲಿನ ಪಕ್ಕದ ಬಾಬತ್ತು. ನಾಲ್ವರಲ್ಲಿ ಒಬ್ಬ ರೀಚಾರ್ಜ್ ಮಾಡಿಸಿ ಮೂವರು ಅವನ ಹಾಟ್‌ಸ್ಪಾಟಿಗೆ ಸೇರಿಕೊಳ್ಳುವುದು, ಮುಂದಿನ ತಿಂಗಳು ಇನ್ನೊಬ್ಬನ ಸರದಿ, ಇದು ಹಾಸ್ಟೆಲ್‌ಗಳಲ್ಲಿ ನಡೆದೇ ಇದೆ. ಒಂದೂವರೆ ಜಿಬಿ ನಾಲ್ವರಿಗೆ ಹಂಚಿದರೆ ಒಂದು ಪಾಠದ ವಿಡಿಯೋ ನೋಡಲು ಸಾಲಬಹುದು, ಅಷ್ಟೆ.

ಹಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದು ಹೊರಗಿನವರಿಗೆ ತಿಳಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ದೇಶ, ಒಂದು ಚಂದಾ' ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಉಚಿತ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಉಸ್ತುವಾರಿ. ಬಹಳ ಒಳ್ಳೆಯ ಯೋಜನೆ, ನಾನು ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಇಂಥದ್ದನ್ನು ಕನಸಿನಲ್ಲೂ ಕಾಣುವಂತಿರಲಿಲ್ಲ. ಆದರೆ ಓದಲು ಬಂದವರು ವಿಶ್ವವಿದ್ಯಾಲಯದವರೇ ಎಂದು ಪ್ರಕಾಶಕರ ಯಂತ್ರ ಗುರುತಿಸುವುದು ಮುಖ್ಯವಾಗಿ ಕ್ಯಾಂಪಸ್ ಜಾಲದ ವಿಳಾಸದಿಂದ. ಗ್ರಂಥಾಲಯದಲ್ಲಿ ಕೂತು ತೆರೆದರೆ ಲೇಖನ ತೆರೆದುಕೊಳ್ಳುತ್ತದೆ. ಅದೇ ಹುಡುಗಿ ಹಾಸ್ಟೆಲಿಗೆ ಹೋಗಿ ತನ್ನ ಸಿಮ್ಮಿನ ಡಾಟಾದಲ್ಲಿ ತೆರೆದರೆ ಮೂವತ್ತು ನಲವತ್ತು ಡಾಲರ್ ಕೊಡು ಎನ್ನುವ ಪುಟ ಎದುರಾಗುತ್ತದೆ. ಹಾಸ್ಟೆಲ್ ಇರುವುದು ಕ್ಯಾಂಪಸ್ಸಿನ ಒಳಗೇ. ಪ್ರಕಾಶಕರ ಕಣ್ಣಿಗೆ ಮಾತ್ರ ಅವಳು ಹೊರಗಿನವಳು. ಹೊರಗಿನಿಂದ ತೆರೆಯಲು ಇನ್‌ಫೆಡ್ ಎಂಬ ಪ್ರತ್ಯೇಕ ಲಾಗಿನ್ ವ್ಯವಸ್ಥೆಯೂ ಇದೆ. ಅದನ್ನು ಗ್ರಂಥಾಲಯ ನೋಂದಾಯಿಸಿ ವಿದ್ಯಾರ್ಥಿಗಳಿಗೆ ಹಂಚಬೇಕು. ಹಂಚಿದ ಕಡೆ ಬಳಸುತ್ತಿದ್ದಾರೆ. ಉಳಿದ ಕಡೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಕಥೆ.

ಈಗ ಬಾಲಕಿಯರ ಹಾಸ್ಟೆಲಿನ ವಿಚಾರ. ನೆಟ್ ಸರಿಯಿಲ್ಲದ ರಾತ್ರಿ ಹುಡುಗರು ಏನು ಮಾಡುತ್ತಾರೆ? ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಗ್ರಂಥಾಲಯದ ಮೆಟ್ಟಿಲಿಗೋ ವಿಭಾಗದ ಜಗುಲಿಗೋ ಹೋಗುತ್ತಾರೆ, ಬಾಗಿಲು ಹಾಕಿದ್ದರೂ ವೈಫೈ ಹೊರಗೆ ಸೋರುತ್ತಿರುತ್ತದೆ. ಹನ್ನೊಂದು ಹನ್ನೆರಡರವರೆಗೆ ಅಲ್ಲಿ ಕೂತ ಹುಡುಗರನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಹುಡುಗಿಯರ ಗೇಟು ಏಳಕ್ಕೋ ಏಳೂವರೆಗೋ ಬಿದ್ದಿರುತ್ತದೆ. ಅವರಿಗೆ ಮೆಟ್ಟಿಲಿಲ್ಲ, ಜಗುಲಿಯಿಲ್ಲ. ಆದ್ದರಿಂದ ಎರಡೂ ಹಾಸ್ಟೆಲಿನಲ್ಲಿ ಒಂದೇ ರೀತಿ ಕೆಟ್ಟ ವೈಫೈ ಇದ್ದರೂ ಪೆಟ್ಟು ಮಾತ್ರ ಒಂದೇ ಅಲ್ಲ. ದುರಸ್ತಿಗೆ ಒಂದೇ ಹಾಸ್ಟೆಲಿಗೆ ಸಾಕಾಗುವಷ್ಟು ಹಣ ಬಂದರೆ ಅದನ್ನು ಹುಡುಗಿಯರ ಹಾಸ್ಟೆಲಿಗೆ ಮೊದಲು ಹಾಕಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೇರಳದ ಒಂದು ಮೊಕದ್ದಮೆ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಕೋಯಿಕ್ಕೋಡಿನ ಹತ್ತಿರ ಚೇಳನ್ನೂರಿನ ಕಾಲೇಜೊಂದರ ಬಾಲಕಿಯರ ಹಾಸ್ಟೆಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. 2019ರ ಜೂನ್‌ನಲ್ಲಿ ಅದನ್ನು ಸಂಜೆ ಆರರಿಂದ ರಾತ್ರಿ ಹತ್ತಕ್ಕೆ ಬದಲಿಸಿದರು. ಅಂದರೆ ಓದುವ ಹೊತ್ತಿಗೇ ಸರಿಯಾಗಿ ಫೋನು ಇಲ್ಲ. ಬಿ.ಎ. ಇಂಗ್ಲಿಷ್ ಓದುತ್ತಿದ್ದ ಹದಿನೆಂಟರ ಹುಡುಗಿಯೊಬ್ಬಳು ಇದನ್ನು ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ತಂದೆತಾಯಿಗಳೇ ಕೇಳಿದ್ದರಿಂದ ಈ ನಿಯಮ ಎಂಬುದು ಕಾಲೇಜಿನ ವಾದ. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು: ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗವೂ ಹೌದು, ಶಿಸ್ತಿನ ಹೆಸರಲ್ಲಿ ಜ್ಞಾನದ ದಾರಿ ಮುಚ್ಚುವಂತಿಲ್ಲ, ಹುಡುಗಿಯನ್ನು ಮರಳಿ ಸೇರಿಸಿಕೊಳ್ಳಿ. ಉಳಿದವರ ಓದಿಗೆ ತೊಂದರೆಯಾಗದಂತೆ ಬಳಸಬೇಕೆಂದೂ ಹೇಳಿದರು.

ಕೇರಳದ ಹೈಕೋರ್ಟಿನ ತೀರ್ಪು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಬಗ್ಗೆ 2020ರ ಜನವರಿ 10ರಂದು ತೀರ್ಪಿತ್ತ ಸುಪ್ರೀಂ ಕೋರ್ಟು, ಇಂಟರ್ನೆಟ್ಟಿನ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆ ಇದೆ ಎಂದಿತು. ಇಂಟರ್ನೆಟ್ ಸಂಪರ್ಕವೇ ಮೂಲಭೂತ ಹಕ್ಕೇ ಎಂಬುದಕ್ಕೆ ಅಲ್ಲಿ ಉತ್ತರ ಕೊಡಲಿಲ್ಲ, ಯಾರೂ ಕೇಳಿರಲಿಲ್ಲ ಎಂದಿತು. ಹೀಗಾಗಿ ಕಾನೂನಿನ ದಾರಿ ಇನ್ನೂ ಅರ್ಧಕ್ಕಿದೆ. ಆದರೂ ರಾತ್ರಿ ಹೊತ್ತು ಫೋನು ಕಸಿದಿಡುವ ವಾರ್ಡನ್‌ಗಳು ಕೇರಳದ ಆ ತೀರ್ಪನ್ನೊಮ್ಮೆ ಓದಿದರೆ ಒಳ್ಳೆಯದು.

ರೀಲ್ಸಿನ ಮಾತು ಬಾಕಿ ಇದೆ. ರಾತ್ರಿ ಎರಡರವರೆಗೆ ಫೋನು ಉಜ್ಜುತ್ತ ಕೂರುವ ಹುಡುಗರಿಲ್ಲವೇ? ಇದ್ದಾರೆ, ಬೇಕಾದಷ್ಟು. ಈ ಆತಂಕ ಹೊಸದೂ ಅಲ್ಲ. 2007ರ ಮಾರ್ಚ್‌ನಲ್ಲಿ ಬೊಂಬಾಯಿ ಐಐಟಿ ತನ್ನ ಹಾಸ್ಟೆಲ್‌ಗಳಲ್ಲಿ ರಾತ್ರಿ 11ರಿಂದ ಮರುದಿನ ಮಧ್ಯಾಹ್ನ 12.30ರವರೆಗೆ ಇಂಟರ್ನೆಟ್ ನಿಲ್ಲಿಸಿತು. ಹುಡುಗರು ರಾತ್ರಿಯಿಡೀ ಗೇಮ್ ಆಡಿ, ಸಿನಿಮಾ ನೋಡಿ ಬೆಳಗಿನ ತರಗತಿ ತಪ್ಪಿಸುತ್ತಾರೆ, ಪಕ್ಕದ ಕೋಣೆಯವರೊಡನೆ ಮಾತೇ ಆಡುವುದಿಲ್ಲ ಎಂಬುದು ಅಲ್ಲಿನ ಆಡಳಿತದ ಅಳಲು. ಆಗ ಹಾಸ್ಟೆಲಿನ ತಂತಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ತಂತಿ ಕಿತ್ತರೆ ಗೇಮೂ ನಿಲ್ಲುತ್ತಿತ್ತು. ಇಂದು ಹಾಗಲ್ಲ. ರೀಲ್ಸ್ ನೋಡುವವನಿಗೆ ಸಿಮ್ಮಿನ ಡಾಟಾ ಸಾಕು. ಹಾಸ್ಟೆಲ್ ವೈಫೈ ಹತ್ತಕ್ಕೆ ಆರಿಸಿದರೆ ನಿಲ್ಲುವುದು ಪಾಠದ ವಿಡಿಯೋ ನೋಡುತ್ತಿದ್ದವನ, ಲೇಖನ ಇಳಿಸಿಕೊಳ್ಳುತ್ತಿದ್ದವಳ ಕೆಲಸ. ಯೂಟ್ಯೂಬ್ ಹೆಚ್ಚು ಡಾಟಾ ನುಂಗುತ್ತದೆಂದು ಅದನ್ನೇ ತಡೆಯುವ ಕಡೆಗಳೂ ಇವೆ. ಐಐಟಿಗಳ ಮತ್ತು ನಮ್ಮ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಪಿಟಿಇಎಲ್ ಯೋಜನೆಯಲ್ಲಿ ಕೊಟ್ಟ ಸಾವಿರಾರು ಪಾಠಗಳು ಇರುವುದು ಅಲ್ಲಿಯೇ. ಯಾವ ಬಗೆಯ ಬಳಕೆಗೆ ಎಷ್ಟು ಪಾಲು ಎಂದು ಜಾಲದಲ್ಲೇ ಹಂಚುವ ಉಪಾಯಗಳಿವೆ. ಪಾಠಕ್ಕೆ ಮೊದಲ ಪಾಲು, ಸಿನಿಮಾ ಇಳಿಸುವವನಿಗೆ ಕೊನೆಯ ಪಾಲು ಎಂದು ಮಾಡಬಹುದು. ಮುಖ್ಯ ಗುಂಡಿ ಆರಿಸುವುದಕ್ಕಿಂತ ಇದಕ್ಕೆ ಸ್ವಲ್ಪ ತಲೆ ಬೇಕು, ಅಷ್ಟೆ. ಯಾರು ಯಾವ ತಾಣಕ್ಕೆ ಹೋದರೆಂಬ ದಾಖಲೆಯನ್ನು ಸಂಸ್ಥೆ ಎಷ್ಟು ಕಾಲ ಇಡುತ್ತದೆ, ಯಾರು ನೋಡಬಹುದು ಎಂಬುದನ್ನೂ ವಿದ್ಯಾರ್ಥಿಗಳಿಗೆ ಲಿಖಿತವಾಗಿ ತಿಳಿಸಬೇಕು. 180 ದಿನ ದಾಖಲೆ ಇಡಿ ಎಂದು 2022ರ ಏಪ್ರಿಲ್‌ನ ಕೇಂದ್ರ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಿರ್ದೇಶನ ಹೇಳುತ್ತದೆ. ವಾರ್ಡನ್ ಕುತೂಹಲಕ್ಕೆ ಇಣುಕಿ ನೋಡಲಿ ಎಂದೇನೂ ಅದು ಹೇಳಿಲ್ಲ.

ಸರಿಯಾಗಿ ನಡೆಯುವ ಮಾದರಿಗಳು ಕಣ್ಣೆದುರಿಗೇ ಇವೆ. ಕೋಣೆಗೊಂದು ತಂತಿಯ ಸಾಕೆಟ್ ಕೊಟ್ಟ ಹಾಸ್ಟೆಲುಗಳಲ್ಲಿ ವೈಫೈ ಹೊರೆ ತಗ್ಗುತ್ತದೆ. ತಂತಿಗೆ ಕಲ್ಲಿನ ಗೋಡೆಯ ಭಯವಿಲ್ಲ. ಎಜುರೋಮ್ ಎಂಬ ವ್ಯವಸ್ಥೆ ಈ ಶತಮಾನದ ಆರಂಭದಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿತು. ಒಂದು ವಿಶ್ವವಿದ್ಯಾಲಯದ ಲಾಗಿನ್ ಇಟ್ಟುಕೊಂಡು ಜಗತ್ತಿನ ಬೇರಾವ ಸದಸ್ಯ ವಿಶ್ವವಿದ್ಯಾಲಯಕ್ಕೆ ಹೋದರೂ ಅಲ್ಲಿನ ವೈಫೈ ತಾನಾಗಿ ಸಿಗುತ್ತದೆ. ಭಾರತದಲ್ಲಿ ಅದನ್ನು ನಡೆಸುವುದು ಅರ್ನೆಟ್. ಧಾರವಾಡದ ಸಂಶೋಧಕಿ ಹಸ್ತಪ್ರತಿ ನೋಡಲು ಮೈಸೂರಿಗೆ ಬಂದು ಅತಿಥಿ ಕೋಣೆಯಲ್ಲಿ ತಂಗಿದರೆ ಪಾಸ್‌ವರ್ಡಿಗೆ ಯಾರ ಹತ್ತಿರವೂ ಸಹಿ ಹಾಕಿಸಬೇಕಾಗಿಲ್ಲ, ಎರಡೂ ಕಡೆ ಸದಸ್ಯತ್ವ ಇದ್ದರೆ. ಇದೆಲ್ಲಕ್ಕಿಂತ ಕೈಗೆಟಕುವ ಮಾದರಿ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲೇ ಇದೆ. ಡಿವೈಡಿಂಗ್ ಪದ್ಧತಿಯಲ್ಲಿ ವಿದ್ಯಾರ್ಥಿಗಳ ಸಮಿತಿ ತಿಂಗಳ ಖರ್ಚು ಬರೆದು ನೋಟಿಸ್ ಬೋರ್ಡಿಗೆ ಹಚ್ಚುತ್ತದೆ. ಅಕ್ಕಿ ಎಷ್ಟು, ಬೇಳೆ ಎಷ್ಟು, ತಲೆಗೆ ಎಷ್ಟು ಎಂದು ಎಲ್ಲರಿಗೂ ಗೊತ್ತು. ನೆಟ್ಟಿಗೂ ಅಂಥದೊಂದು ಸಮಿತಿ ಮಾಡಿ. ಕಂಪ್ಯೂಟರ್ ಸೈನ್ಸ್ ಓದುವ ಇಬ್ಬರಿಗೆ ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಬೀಗದ ಕೈ ಕೊಡಿ. ಯಾವ ಮಹಡಿಯಲ್ಲಿ ಯಾವ ದಿನ ನೆಟ್ ಹೋಯಿತು, ಯಾವ ದಿನ ಬಂತು ಎಂದು ಬರೆದು ಹಚ್ಚಲಿ. ಆ ಕಾಗದ ಕುಲಸಚಿವರ ಮೇಜಿಗೆ ಪ್ರತಿ ತಿಂಗಳೂ ಹೋಗಲಿ.

ಕರ್ನಾಟಕದಲ್ಲಿ ಬಡಮಕ್ಕಳಿಗೆ ಶಾಲೆ ಕಾಲೇಜಿನ ಬಾಗಿಲು ತೆರೆದದ್ದು ಹಾಸ್ಟೆಲ್‌ಗಳೇ. ವಾರಾನ್ನ ಉಂಡು, ಬೀದಿ ದೀಪದ ಕೆಳಗೆ ಓದಿದವರ ಕಾಲ ಕಳೆದದ್ದು ಧಾರವಾಡದ ಮುರುಘಾಮಠ, ಸಿದ್ಧಗಂಗಾ ಮಠ, ಮಂಗಳೂರಿನ ಕುದ್ಮಲ್ ರಂಗರಾಯರು, ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಇಂಥವರು ಅನ್ನ, ವಸತಿ, ದೀಪ ಮೂರನ್ನೂ ಒಟ್ಟಿಗೆ ಕೊಟ್ಟಿದ್ದರಿಂದ. ದೀಪ ಬೇಕೋ ಬೇಡವೋ ಎಂದು ಅವರು ಚರ್ಚೆ ಮಾಡಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಹಾಸ್ಟೆಲ್‌ಗಳು ಮುಚ್ಚಿದಾಗ ಮಲೆನಾಡಿನ, ಸುಳ್ಯದ ಕಡೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ಪಾಠ ಕೇಳಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ಎಲ್ಲರೂ ಮರುಗಿದೆವು. ಅದೇ ಮಕ್ಕಳು ಹಾಸ್ಟೆಲಿಗೆ ಮರಳಿದ ಮೇಲೆ ಕಾರಿಡಾರಿನಲ್ಲಿ ಫೋನು ಎತ್ತಿ ಹಿಡಿದು ಓಡಾಡುವುದನ್ನು ನೋಡಿ ಯಾರೂ ಮರುಗಲಿಲ್ಲ.

ಕುಲಪತಿಗಳಿಗೂ ಸಿಂಡಿಕೇಟ್ ಸದಸ್ಯರಿಗೂ ನನ್ನ ವಿನಂತಿ ಒಂದೇ: ಬರುವ ಬಜೆಟ್ಟಿನಲ್ಲಿ ಹಾಸ್ಟೆಲ್ ನೆಟ್ಟಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಹಾಕಿ, ಅದರ ಎದುರು ಒಬ್ಬ ಅಧಿಕಾರಿಯ ಹೆಸರು, ಫೋನ್ ನಂಬರು ಬರೆಯಿರಿ. ತಂದೆತಾಯಿಗಳೇ, ಹಾಸ್ಟೆಲ್ ಶುಲ್ಕದ ರಶೀದಿ ತೆಗೆದು ನೋಡಿ. ಅದರಲ್ಲಿ ಇಂಟರ್ನೆಟ್ ಶುಲ್ಕ ಎಂದಿದ್ದರೆ ಅದಕ್ಕೆ ಏನು ಕೊಟ್ಟಿದ್ದಾರೆಂದು ಮಕ್ಕಳನ್ನು ಕೇಳಿ. ಉತ್ತರ ಸಮಾಧಾನ ತರದಿದ್ದರೆ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ: ಕಳೆದ ಮೂರು ವರ್ಷ ಈ ಶುಲ್ಕದಿಂದ ಬಂದದ್ದೆಷ್ಟು, ಹಾಸ್ಟೆಲ್ ನೆಟ್ಟಿಗೆ ಖರ್ಚಾದದ್ದೆಷ್ಟು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಲೇಬೇಕು.